ಗರಡಿಯ ದೈವವೂ ಕ್ರೈಸ್ತರ ಮಲ್ಲಾಭ್ಯಾಸವೂ

ಕೃಷ್ಣಾತೀರದ ಚಿಕ್ಕಪಡಸಲಗಿಯಿಂದ ಮೊದಲುಗೊಂಡು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸಂಚರಿಸಿದವರಿಗೆ ಹನುಮಂತದೇವರ ಗುಡಿಯೂ ಅದರ ಆಶ್ರಯದಲ್ಲಿರುವ ತಾಲೀಮಿನ ಮನೆಯೂ ಅಪರಿಚಿತವಲ್ಲ. ಇಲ್ಲಿಯ ಜಾತ್ರೆಗಳಲ್ಲಿ ತೇರಿನಷ್ಟೇ ಕುಸ್ತಿಯೂ ಮುಖ್ಯವಾದುದು. ಸಂಗ್ರಾಣಿಕಲ್ಲನ್ನು ಎತ್ತಿದವನ ಹೆಸರು ಊರವರ ಬಾಯಲ್ಲಿ ಬಹುಕಾಲ ನಿಲ್ಲುವುದು. ಇದೇ ನಾಡಿನ ನೇಕಾರರ ಊರಾದ ಗುಳೇದಗುಡ್ಡದಲ್ಲಿ 1851ರಲ್ಲಿ ಬಾಸೆಲ್ ಮಿಶನ್ನಿನವರು ತಮ್ಮ ಠಾಣ್ಯವನ್ನು ಸ್ಥಾಪಿಸಿದರು. ಅದಕ್ಕೆ ಮೊದಲೇ ಧಾರವಾಡದಲ್ಲಿ 1837ರಲ್ಲಿಯೂ, ಹುಬ್ಬಳ್ಳಿಯಲ್ಲಿ 1839ರಲ್ಲಿಯೂ, ಗದಗಿನ ಬೆಟಗೇರಿಯಲ್ಲಿ 1841ರಲ್ಲಿಯೂ ಅವರ ಕಾರ್ಯವು ಆರಂಭವಾಗಿತ್ತು. ಹೀಗೆ ಒಂದೇ ಸೀಮೆಯಲ್ಲಿ ತಾಲೀಮೂ ಇಗರ್ಜಿಯೂ ನೆರೆಹೊರೆಯಾದುವು. ಆಗ ಸಹಜವಾಗಿ ಹುಟ್ಟುವ ಪ್ರಶ್ನೆಯೊಂದುಂಟು. ಕ್ರೈಸ್ತನಾದವನು ತಾಲೀಮಿನ ಕೆಮ್ಮಣ್ಣಿಗೆ ಇಳಿಯಬಹುದೇ? ಇಳಿಯುವಾಗ ಹನುಮಂತನಿಗೆ ಕೈಮುಗಿಯದಿದ್ದರೆ ಉಸ್ತಾದನು ಒಪ್ಪುವನೇ? ಮುಗಿದರೆ ಸಭೆಯು ಒಪ್ಪುವುದೇ?

ಇದು ಕೇವಲ ಹಳೆಯ ಮಾತಲ್ಲ. ಕುಸ್ತಿಯ ಜೊತೆಗೆ ಜಪಾನಿನ ಜೂಡೋ, ಕರಾಟೆ ಮುಂತಾದ ವಿದ್ಯೆಗಳೂ ಈಗ ನಮ್ಮ ಊರುಗಳಿಗೆ ಬಂದಿರುವುವು. ಅಲ್ಲಿಯೂ ಶಿಷ್ಯನು ಅಭ್ಯಾಸದ ನೆಲಕ್ಕೂ ಗುರುವಿಗೂ ಗುರುಪರಂಪರೆಯ ಭಾವಚಿತ್ರಕ್ಕೂ ತಲೆಬಾಗುವ ಪದ್ಧತಿಯುಂಟು. ಕ್ರೈಸ್ತ ತಾಯಿತಂದೆಗಳು ಅದೇ ಸಂದೇಹದಿಂದ ತಮ್ಮ ಸಭಾಪಾಲಕರನ್ನು ಕೇಳುತ್ತಾರೆ. ಕ್ರೈಸ್ತಶಾಸ್ತ್ರವು ಈ ವಿಷಯದಲ್ಲಿ ಏನು ವಿಧಿಸುತ್ತದೆಂದು ನಿರ್ಣಯಿಸುವುದು ಆ ಮತದ ಪಂಡಿತರ ಕೆಲಸ, ನನ್ನದಲ್ಲ. ಆದರೆ ಮಲ್ಲವಿದ್ಯೆಯ ಚರಿತ್ರೆಯನ್ನು ನೋಡಿದರೆ ಒಂದಂಶವು ಸ್ಪಷ್ಟವಾಗುತ್ತದೆ. ಕನ್ನಡನಾಡಿನಲ್ಲಿ ಗರಡಿ ಎಂಬ ಒಂದೇ ಹೆಸರು ಎರಡು ಬೇರೆ ಬೇರೆ ವಸ್ತುಗಳನ್ನು ಹೇಳುತ್ತಿದೆ. ಒಂದರಲ್ಲಿ ವಿದ್ಯೆಯು ಪ್ರಧಾನ, ದೈವವು ಅದರ ರಕ್ಷಕ. ಇನ್ನೊಂದರಲ್ಲಿ ದೈವವೇ ಪ್ರಧಾನ, ವಿದ್ಯೆಯು ಅದರ ನೆನಪು. ಒಂದಕ್ಕೆ ಸಲ್ಲುವ ತೀರ್ಪನ್ನು ಇನ್ನೊಂದಕ್ಕೆ ಹೇರಿದರೆ ಅನ್ಯಾಯವಾಗುವುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಗರಡಿಯ ಮಾತನ್ನೇ ನೋಡೋಣ. ಹಳೆಯ ರೂಪವು ಗರುಡಿ. ಕುಮಾರವ್ಯಾಸನ ಭಾರತದಲ್ಲಿ ರಾಜಕುಮಾರರಿಗೆ ಶಸ್ತ್ರಾಭ್ಯಾಸವನ್ನು ಮಾಡಿಸುವ ದ್ರೋಣನು ಗರುಡಿಯ ಗುರು; ವಚನವಾಙ್ಮಯದಲ್ಲಿಯೂ ಈ ಶಬ್ದವು ದೃಷ್ಟಾಂತವಾಗಿ ಬರುತ್ತದೆ. ಅಂದರೆ ಆಯುಧದ ಪಾಠಶಾಲೆಯೆಂಬುದೇ ಅದರ ಮುಖ್ಯಾರ್ಥವು. ಮಲ್ಲಯುದ್ಧವು ಅದರ ಒಂದು ಭಾಗ. ಮಲ್ಲಯುದ್ಧಕ್ಕಾದರೋ ನಮ್ಮಲ್ಲಿ ಬೇರೊಂದು ಗೌರವವುಂಟು. ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941) ಭರತ ಬಾಹುಬಲಿಗಳು ಸೈನ್ಯಗಳನ್ನು ಕೊಲ್ಲಿಸದೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದಲೇ ತಮ್ಮ ವ್ಯಾಜ್ಯವನ್ನು ತೀರಿಸಿಕೊಳ್ಳುತ್ತಾರೆ. ಅಹಿಂಸೆಯನ್ನೇ ಪರಮಧರ್ಮವೆಂದು ಬಗೆದ ಜೈನರು ಕೂಡ ಮೈಗೆ ಮೈಕೊಟ್ಟು ಹೋರುವುದನ್ನು ಹಿಂಸೆಯ ಪರಿಹಾರವೆಂದು ಕಂಡರೆಂಬುದು ಇಲ್ಲಿ ಗಮನಾರ್ಹವಾದುದು.

ಶಾಸ್ತ್ರರೂಪದಲ್ಲಿ ಈ ವಿದ್ಯೆಯನ್ನು ನಿರೂಪಿಸಿದ ನಮ್ಮ ದೇಶದ ಪ್ರಾಚೀನಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಪ್ರಮುಖವಾದುದು. ಸುಮಾರು 1129ರಲ್ಲಿ ರಚಿತವಾದ ಈ ಗ್ರಂಥದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರ ತರಗತಿಗಳನ್ನೂ, ಅವರ ಆಹಾರವನ್ನೂ, ಅಭ್ಯಾಸಕ್ರಮವನ್ನೂ ರಾಜನು ವಿವರಿಸಿದ್ದಾನೆ. ಅಭ್ಯಾಸಕ್ಕೆ ಅವನು ಇಟ್ಟಿರುವ ಹೆಸರು ಶ್ರಮ. ಭಾರವನ್ನು ಎತ್ತುವುದು ಭಾರಶ್ರಮ, ನಡೆದು ಓಡಿ ಉಸಿರನ್ನು ಬೆಳಸುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ನಮ್ಮ ಸಾಮು ಎಂಬ ಮಾತು ಈ ಶ್ರಮದಿಂದಲೇ ಬಂದುದೆಂದು ನನಗೆ ತೋರುತ್ತದೆ. ಚಿಕ್ಕಪಡಸಲಗಿಯ ರೈತರು 1989ರಲ್ಲಿ ತಮ್ಮ ಹಣದಿಂದಲೂ ಮೈದುಡಿಮೆಯಿಂದಲೂ ಕೃಷ್ಣೆಗೆ ಕಟ್ಟಿದ ಒಡ್ಡಿಗೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಸೋಮೇಶ್ವರನ ಭಾರಶ್ರಮವನ್ನು ಸಂಗ್ರಾಣಿಕಲ್ಲಿನಲ್ಲಿ ಕಲಿತ ನಾಡಿಗೆ ಈ ಹೆಸರು ಒಪ್ಪತಕ್ಕದ್ದೇ.

ಅದು ಹಾಗಿರಲಿ. ಪ್ರಕೃತಕ್ಕೆ ಬೇಕಾದುದು ದೈವದ ಮಾತು. ಗುಜರಾತಿನ ಜ್ಯೇಷ್ಠಿಮಲ್ಲರ ಮಲ್ಲಪುರಾಣದಲ್ಲಿ ಶ್ರೀಕೃಷ್ಣನೇ ಈ ವಿದ್ಯೆಯ ಆದಿಗುರು. ಚಾಣೂರನನ್ನು ಮಡಗಿದ ಮಲ್ಲನಿಗಿಂತ ಯೋಗ್ಯನಾದ ಆಚಾರ್ಯನು ಬೇರೆ ಯಾರು? ಅವನು ಸೋಮೇಶ್ವರನೆಂಬ ಬ್ರಾಹ್ಮಣನಿಗೆ ಉಪದೇಶಿಸಿದನೆಂದು ಆ ಪುರಾಣವು ಹೇಳುತ್ತದೆ. (ಈ ಸೋಮೇಶ್ವರನಿಗೂ ಚಾಲುಕ್ಯ ಸೋಮೇಶ್ವರನಿಗೂ ಹೆಸರಿನ ಹೊರತು ಸಂಬಂಧವಿಲ್ಲ.) ಅದೇ ಕುಲದವರೆನಿಸಿಕೊಳ್ಳುವ ಮೈಸೂರಿನ ಜೆಟ್ಟಿಗಳ ಕುಲದೇವತೆ ನಿಂಬಜಾಂಬೆ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಅವರು ನಡೆಸುವ ವಜ್ರಮುಷ್ಟಿ ಕಾಳಗವು ಮೊದಲ ರಕ್ತಬಿಂದುವು ಕಂಡೊಡನೆ ನಿಲ್ಲತಕ್ಕದ್ದೆಂಬ ನಿಯಮವುಂಟು. ಕೃಷ್ಣಾತೀರದ ತಾಲೀಮಿನಲ್ಲಿ ನೋಡಿದರೆ ಕೃಷ್ಣನೂ ಇಲ್ಲ, ನಿಂಬಜಾಂಬೆಯೂ ಇಲ್ಲ. ಗೂಡಿನಲ್ಲಿ ನಿಂತಿರುವವನು ಗದಾಧಾರಿಯಾದ ಆಂಜನೇಯ. ಮಾರುತಿಯ ಭಕ್ತಿಯು ಈ ಕಡೆ ಎಷ್ಟು ಗಾಢವಾದುದೆಂಬುದಕ್ಕೆ ತುಳಸಿಗೇರಿಯ ಕ್ಷೇತ್ರವೇ ಸಾಕ್ಷಿ. ಹೀಗೆ ಕಾಲದಿಂದ ಕಾಲಕ್ಕೆ, ನಾಡಿನಿಂದ ನಾಡಿಗೆ ದೈವವು ಬದಲಾಗಿದೆ. ಭಾರವನ್ನು ಎತ್ತುವ, ಕಾಲನ್ನು ತಡೆಯುವ, ಬೆನ್ನನ್ನು ನೆಲಕ್ಕೆ ಮುಟ್ಟಿಸುವ ವಿದ್ಯೆಯು ಬದಲಾಗಿಲ್ಲ.

ತಾಲೀಮಿನ ಭಾಷೆಯು ಇನ್ನೂ ಹೆಚ್ಚಿನ ಮಾತನ್ನು ಹೇಳುತ್ತದೆ. ತಾಲೀಮು ಎಂಬುದು ಅರಬ್ಬೀ ಶಬ್ದ. ಶಿಕ್ಷಣವೆಂದು ಅದರ ಅರ್ಥ. ಉಸ್ತಾದ, ಪೈಲ್ವಾನ ಎಂಬವು ಪಾರಸೀ. ಕುಸ್ತಿಯೂ ಪಾರಸಿಯೇ, ಸೊಂಟಪಟ್ಟಿಯನ್ನು ಹಿಡಿದು ಹೋರುವ ಪದ್ಧತಿಯಿಂದ, ಅಗ್ನಿಪೂಜಕರಾದ ಪಾರಸಿಗಳು ಧರಿಸುವ ಕಸ್ತಿಯೆಂಬ ಪವಿತ್ರಸೂತ್ರದ ಹೆಸರೇ ಇದಕ್ಕೆ ಬಂದಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹನುಮಂತನ ಮನೆಯಲ್ಲಿ ಅರಬರ ಹೆಸರು, ತುರುಕರ ಬಿರುದು, ಅಗ್ನಿಹೋತ್ರಿಗಳ ಕಟಿಸೂತ್ರ! ಇದನ್ನು ಶಬ್ದಚಮತ್ಕಾರವೆಂದು ಬಿಡಲಾಗದು. ಶಬ್ದಗಳು ಬಂದುದು ಮನುಷ್ಯರ ಜೊತೆಯಲ್ಲಿ. ಮುಸಲ್ಮಾನ ಉಸ್ತಾದರ ಕೈಕೆಳಗೆ ಹಿಂದೂ ಹುಡುಗರೂ, ಹಿಂದೂ ಉಸ್ತಾದರ ಕೈಕೆಳಗೆ ಮುಸಲ್ಮಾನ ಹುಡುಗರೂ ಕಲಿತುದು ಈ ನಾಡಿನ ಸಾಮಾನ್ಯ ಸಂಗತಿ. ಒಬ್ಬನು ಬಜರಂಗಬಲಿಯೆನ್ನುವಲ್ಲಿ ಮತ್ತೊಬ್ಬನು ಯಾ ಅಲೀ ಎನ್ನುತ್ತಾನೆ. ಇಬ್ಬರೂ ಬಗ್ಗಿ ಮಣ್ಣನ್ನು ಮುಟ್ಟುತ್ತಾರೆ; ಆ ಮಣ್ಣನ್ನೇ ಎದುರಾಳಿಯ ಮೈಗೆ ಹಾಕಿ ಹಿಡಿತಕ್ಕೆ ಬರುತ್ತಾರೆ. ಪಟವರ್ಧನರ ಜಮಖಂಡಿಯಾಗಲಿ, ಘೋರ್ಪಡೆಯವರ ಮುಧೋಳವಾಗಲಿ, 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದ ಶಾಹೂ ಮಹಾರಾಜರ ಕೊಲ್ಲಾಪುರವಾಗಲಿ, ಈ ಸಂಸ್ಥಾನಗಳ ಸೀಮೆಯಲ್ಲಿ ಪೈಲ್ವಾನನಿಗೆ ದೊರೆತ ಮರ್ಯಾದೆಯು ಅವನ ಮತವನ್ನು ನೋಡಿ ದೊರೆತುದಲ್ಲ.

ಇಲ್ಲಿ ಮೀಮಾಂಸಕರ ಒಂದು ವಿವೇಚನೆಯು ಉಪಯೋಗಕ್ಕೆ ಬರುತ್ತದೆ. ಜೈಮಿನಿಯು ನಾಲ್ಕನೆಯ ಅಧ್ಯಾಯದಲ್ಲಿ ಕ್ರತ್ವರ್ಥ, ಪುರುಷಾರ್ಥ ಎಂಬ ಭೇದವನ್ನು ವಿಚಾರಿಸುತ್ತಾನೆ. ಯಾವುದನ್ನು ಬಿಟ್ಟರೆ ಯಾಗವೇ ಕೆಡುವುದೋ ಅದು ಕ್ರತ್ವರ್ಥ. ಯಾವುದು ಮಾಡುವ ಪುರುಷನ ಹಿತಕ್ಕಾಗಿ ವಿಹಿತವಾದುದೋ ಅದು ಪುರುಷಾರ್ಥ. ತಾಲೀಮಿನಲ್ಲಿ ಹನುಮಂತನ ಪೂಜೆಯು ಇವೆರಡರಲ್ಲಿ ಯಾವುದು? ಅದು ವಿದ್ಯೆಗೆ ಅಂಗವಾಗಿದ್ದರೆ ಅದನ್ನು ಬಿಟ್ಟವನಿಗೆ ಬಲವೂ ಜಯವೂ ಬರಬಾರದು. ಯಾ ಅಲೀ ಎನ್ನುವ ಮಲ್ಲನಿಗೆ ಎರಡೂ ಬಂದಿವೆ. 1910ರಲ್ಲಿ ಲಂಡನ್ನಿನಲ್ಲಿ ಜಗತ್ತಿನ ಮಲ್ಲರನ್ನು ಪಂಥಕ್ಕೆ ಕರೆದ ಗಾಮಾ ಪೈಲ್ವಾನನು ಮುಸಲ್ಮಾನನಾಗಿದ್ದನು. ಆದುದರಿಂದ ಪೂಜೆಯು ಪುರುಷಾರ್ಥವೇ ಹೊರತು ಮಲ್ಲಕ್ರತುವಿನ ಅಂಗವಲ್ಲವೆಂದು ಸಿದ್ಧಿಸುತ್ತದೆ.

ಇದಕ್ಕೆ ಉಸ್ತಾದರ ಕಡೆಯಿಂದ ಒಂದು ಆಕ್ಷೇಪವುಂಟು. ಅದನ್ನು ಹಗುರಾಗಿ ತಳ್ಳಲಾಗದು. ತಾಲೀಮಿನ ಬಲವು ದಂಡಬೈಠಕಗಳಿಂದ ಮಾತ್ರ ಬರುವುದಲ್ಲ, ಬ್ರಹ್ಮಚರ್ಯದಿಂದ ಬರುವುದು. ಬ್ರಹ್ಮಚರ್ಯಕ್ಕೆ ಹನುಮಂತನೇ ಆದರ್ಶ. ಅವನನ್ನು ಬಿಟ್ಟು ಅವನ ವ್ರತವನ್ನು ಹಿಡಿಯುವುದು ಹೇಗೆ? ಉತ್ತರವೇನೆಂದರೆ, ಇಲ್ಲಿ ಅಂಗವಾದುದು ವ್ರತ, ವ್ರತದ ಅಧಿದೇವತೆಯಲ್ಲ. ಮುಸಲ್ಮಾನ ಮಲ್ಲನು ಅದೇ ನಿಯಮವನ್ನು ತನ್ನ ದೇವರ ಹೆಸರಿನಲ್ಲಿ ಪಾಲಿಸುತ್ತಾನೆ. ಕ್ರೈಸ್ತನಿಗೂ ದೇಹವನ್ನು ದೇವಾಲಯವೆಂದು ತಿಳಿದು ಶುದ್ಧವಾಗಿಡತಕ್ಕದ್ದೆಂಬ ಪೌಲನ ಉಪದೇಶವುಂಟು. ಆದರೆ ಉಸ್ತಾದನ ಮಾತಿನಲ್ಲಿ ಒಂದು ಸತ್ಯವಿದೆ. ಯಾವ ವ್ರತವೂ ಇಲ್ಲದೆ ಕೇವಲ ಡಾವುಪೇಚುಗಳನ್ನು ಕಲಿಯಬಂದವನನ್ನು ಅವನು ನಂಬಲಾರನು, ನಂಬಬಾರದು.

ಈ ಸೀಮೆಯಲ್ಲಿ ಶಸ್ತ್ರವಿದ್ಯೆಯು ಕ್ಷೀಣವಾಗಿ ಮಲ್ಲವಿದ್ಯೆಯೇ ಉಳಿದುದಕ್ಕೆ ರಾಜಕೀಯ ಕಾರಣವೂ ಉಂಟೆಂಬುದನ್ನು ಇಲ್ಲಿ ಹೇಳಿಬಿಡಬೇಕು. 1857ರಲ್ಲಿ ಆಂಗ್ಲಸರಕಾರದವರು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ದಂಗೆಯೆದ್ದರು. ಊರು ಸುಟ್ಟಿತು, ಹಿಡಿದವರನ್ನು ನೇಣಿಗೆ ಹಾಕಿದರು. ಆ ಲಾವಣಿಯನ್ನು ಫ್ಲೀಟ್ ಸಾಹೇಬರು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿ ವಿದ್ವಾಂಸರ ಗಮನಕ್ಕೆ ತಂದರು. ಕೈಯ ಆಯುಧವು ಹೋದ ಮೇಲೆ ಮೈಯೊಂದೇ ಉಳಿಯಿತು. ದಾಂಡಪಟ್ಟಿ, ಕತ್ತಿವರಸೆಗಳು ಹಬ್ಬದ ಮೆರವಣಿಗೆಯ ಆಟಗಳಾದುವು. ತಾಲೀಮು ಮಾತ್ರ ಶಾಲೆಯಾಗಿಯೇ ನಿಂತಿತು.

ಇನ್ನು ಕ್ರೈಸ್ತರ ಕಡೆಯ ವಿಚಾರ. ಇದರಲ್ಲಿ ನಮ್ಮವರಿಗೆ ಸಾಮಾನ್ಯವಾಗಿ ತಿಳಿಯದಿರುವ ಸಂಗತಿಯೆಂದರೆ, ಈ ವಿವಾದವು ಆ ಮತದೊಳಗೆ ಹದಿನೆಂಟು ನೂರು ವರ್ಷಗಳಷ್ಟು ಹಳೆಯದು. ಕ್ರಿ.ಶ. 200ರ ಸುಮಾರಿಗೆ ಆಫ್ರಿಕಖಂಡದ ಕಾರ್ಥೇಜ್ ನಗರದಲ್ಲಿದ್ದ ತೆರ್ತುಲ್ಲಿಯನನು ರೋಮಕರ ಕ್ರೀಡಾರಂಗಗಳನ್ನು ಕುರಿತು ಒಂದು ಗ್ರಂಥವನ್ನು ಬರೆದು, ಮಲ್ಲಯುದ್ಧವನ್ನು ಸೈತಾನನ ಕೆಲಸವೆಂದೂ ಅದರ ಸುತ್ತಿಬಳಸುವ ಚಲನೆಗಳು ಸರ್ಪಸ್ವಭಾವದವೆಂದೂ ನಿಂದಿಸಿದನು. ಆದರೆ ಅವನ ವಾದದ ತಿರುಳು ಮೈಯ ಮೇಲಲ್ಲ. ಆ ಕ್ರೀಡೆಗಳ ಹುಟ್ಟು, ಹೆಸರು, ಸ್ಥಳ, ಸಾಮಗ್ರಿ ಎಲ್ಲವೂ ರೋಮಕದೇವತೆಗಳಿಗೆ ಮುಡಿಪಾದುದರಿಂದ ಅಲ್ಲಿಗೆ ಹೋಗುವುದೇ ವಿಗ್ರಹಾರಾಧನೆಯೆಂದು ಅವನ ತಾತ್ಪರ್ಯ. ಸರಿಸುಮಾರು ಅದೇ ಕಾಲದಲ್ಲಿ ಅಲೆಕ್ಸಾಂದ್ರಿಯದ ಕ್ಲೆಮೆಂತನು ಕ್ರೈಸ್ತರ ನಿತ್ಯಾಚಾರವನ್ನು ವಿಧಿಸುವ ತನ್ನ ಗ್ರಂಥದಲ್ಲಿ ಬೇರೆ ಮಾತನ್ನು ಹೇಳಿದನು. ಪುರುಷರು ಮಲ್ಲಾಭ್ಯಾಸವನ್ನು ಮಾಡಬಹುದು. ಹೆಚ್ಚುಗಾರಿಕೆಯನ್ನು ಮೆರೆಯುವುದಕ್ಕಲ್ಲ, ಮೈ ಬೆವರಿ ಆರೋಗ್ಯವಾಗಿರುವುದಕ್ಕೆ. ಅದರಲ್ಲಿಯೂ ನಿಂತು ಹಿಡಿಯುವ, ಕತ್ತು ಕೈ ಪಕ್ಕೆಗಳನ್ನು ಬಿಡಿಸಿಕೊಳ್ಳುವ ಮಲ್ಲಯುದ್ಧವು ಉತ್ತಮವೆಂದು ವಿವರವಾಗಿ ಬರೆಯುತ್ತಾನೆ. ಇಷ್ಟು ಸೂಕ್ಷ್ಮವಾಗಿ ಬರೆದವನು ತಾನೇ ಮಣ್ಣಿಗಿಳಿದವನೋ ಎಂದು ಓದುವವನಿಗೆ ಅನ್ನಿಸುತ್ತದೆ.

ಇವರಿಬ್ಬರ ಮಾತಿಗೂ ಮೂಲವು ಪೌಲನಲ್ಲಿದೆ. ಕೊರಿಂಥ ನಗರದ ಸಮೀಪದಲ್ಲಿಯೇ ಗ್ರೀಕರ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದುವು. ಆ ನಗರದವರಿಗೆ ಬರೆದ ಮೊದಲ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಪೌಲನು ಓಟಗಾರನನ್ನೂ ಮುಷ್ಟಿಮಲ್ಲನನ್ನೂ ಭಕ್ತನ ಸಂಯಮಕ್ಕೆ ದೃಷ್ಟಾಂತವಾಗಿ ತೆಗೆದುಕೊಳ್ಳುತ್ತಾನೆ. ಅದರ ಹಿಂದಿನ ಮುಂದಿನ ಅಧ್ಯಾಯಗಳ ವಿಷಯವೇನು? ವಿಗ್ರಹಕ್ಕೆ ನೈವೇದ್ಯಮಾಡಿದ ಪದಾರ್ಥವನ್ನು ಕ್ರೈಸ್ತನು ತಿನ್ನಬಹುದೇ ಎಂಬುದು. ಪದಾರ್ಥದಲ್ಲಿ ದೋಷವಿಲ್ಲ, ಅಂಗಡಿಯಲ್ಲಿ ಮಾರುವುದನ್ನು ವಿಚಾರಿಸದೆ ಕೊಳ್ಳಬಹುದು, ಆದರೆ ದೇವತಾಪಂಕ್ತಿಯಲ್ಲಿ ಕುಳಿತುಕೊಳ್ಳಬಾರದು. ದುರ್ಬಲಮನಸ್ಸಿನ ಸಹೋದರನು ನೋಡಿ ಎಡವುವಂತಿದ್ದರೆ ನಿರ್ದೋಷವಾದುದನ್ನೂ ಬಿಡಬೇಕೆಂದು ಅಲ್ಲಿಯ ನಿರ್ಣಯದ ಸಾರಾಂಶ. ಕ್ರೀಡೆಯ ದೃಷ್ಟಾಂತವೂ ನೈವೇದ್ಯದ ವಿಚಾರವೂ ಒಂದೇ ಕಡೆ ಕೂಡಿರುವುದು ನಮ್ಮ ಪ್ರಶ್ನೆಗೆ ಬಹಳ ಸಮೀಪವಾದುದು. ಭಕ್ಷ್ಯ ಬೇರೆ, ಪಂಕ್ತಿ ಬೇರೆ ಎಂಬ ವಿವೇಕವೇ ಇಲ್ಲಿಯೂ ಬೇಕಾದುದು.

ಭಾರತದೇಶದಲ್ಲಿ ಈ ವಿವೇಕಕ್ಕೆ ಮೊದಲು ಪರೀಕ್ಷೆಯಾದುದು ಮಲೆಯಾಳದಲ್ಲಿ. ಅಲ್ಲಿಯ ತೋಮಾ ಕ್ರೈಸ್ತರು ಖಡ್ಗ ಗುರಾಣಿಗಳನ್ನು ಹಿಡಿದ ಯೋಧಜನರು. ಅವರ ಹುಡುಗರು ನಾಯರರ ಹುಡುಗರಂತೆಯೇ ಕಳರಿಗಳಲ್ಲಿ ಕಲಿಯುತ್ತಿದ್ದರು. ಕಳರಿಯ ನೈರುತ್ಯದ ಮೂಲೆಯಲ್ಲಿ ಏಳು ಮೆಟ್ಟಲಿನ ಪೂತ್ತರವಿರುತ್ತದೆ, ಅದು ದೇವತಾಸ್ಥಾನ. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜೆಸನು ಉದಯಂಪೇರೂರಿನಲ್ಲಿ ಕೂಡಿಸಿದ ಮಹಾಸಭೆಯು, ಅನ್ಯಮತದ ಗುರುಗಳ ಶಾಲೆಗಳಲ್ಲಿ ಕಲಿಯುವ ಕ್ರೈಸ್ತ ಬಾಲಕರು ಅಲ್ಲಿಯ ವಿಗ್ರಹಗಳಿಗೆ ನಮಸ್ಕರಿಸಕೂಡದೆಂದು ವಿಧಿಸಿತು. ಅದಕ್ಕಿಂತ ಸ್ವಾರಸ್ಯವಾದುದು ಇನ್ನೊಂದು ನಿಷೇಧ: ಹಿಂದೂ ಶಿಷ್ಯರ ಸಲುವಾಗಿ ತಮ್ಮ ಶಾಲೆಗಳಲ್ಲಿ ವಿಗ್ರಹಗಳನ್ನಿಟ್ಟ ಕ್ರೈಸ್ತ ಗುರುಗಳು ಅವನ್ನು ತೆಗೆಯಬೇಕೆಂಬುದು. ನಿಷೇಧವಿದ್ದಲ್ಲಿ ಆಚಾರವಿತ್ತೆಂದು ಧರ್ಮಶಾಸ್ತ್ರಜ್ಞರಿಗೆ ಹೇಳಬೇಕಾದುದಿಲ್ಲ. ಕ್ರೈಸ್ತನು ಗುರು, ಶಿಷ್ಯನು ಹಿಂದೂ, ಶಿಷ್ಯನ ದೈವಕ್ಕೆ ಗುರುವಿನ ಶಾಲೆಯಲ್ಲಿ ಸ್ಥಾನ! ಪೋರ್ತುಗೀಸರಿಗೆ ಇದು ಸಹಿಸದಾಯಿತು. ಆದರೆ ಅವರೂ ವಿದ್ಯೆಯನ್ನು ನಿಷೇಧಿಸಲಿಲ್ಲ, ನಮಸ್ಕಾರವನ್ನು ನಿಷೇಧಿಸಿದರು ಎಂಬುದನ್ನು ಮರೆಯಬಾರದು.

ಮಲೆಯಾಳದಿಂದ ಕಾಸರಗೋಡಿನ ದಾರಿಯಾಗಿ ತುಳುನಾಡಿಗೆ ಬಂದರೆ ವಿಷಯವು ಪೂರ್ತಿಯಾಗಿ ಬೇರೆಯಾಗುತ್ತದೆ. ಇಲ್ಲಿ ಗರೊಡಿ ಅಥವಾ ಗರಡಿ ಎಂದರೆ ಬಿಲ್ಲವ ವೀರರಾದ ಕೋಟಿ ಚೆನ್ನಯರ ಆರಾಧನಾಸ್ಥಾನ. ದೇಯಿ ಬೈದೆತಿಯ ಅವಳಿಮಕ್ಕಳಾಗಿ ಪಡುಮಲೆಯ ಬಲ್ಲಾಳನ ಸೀಮೆಯಲ್ಲಿ ಹುಟ್ಟಿ, ಆ ಬಲ್ಲಾಳನೊಡನೆ ವಿರೋಧಕಟ್ಟಿಕೊಂಡು ಊರುಬಿಟ್ಟು, ಕಡೆಗೆ ಎಣ್ಮೂರಿನ ಯುದ್ಧದಲ್ಲಿ ಮಡಿದ ಈ ಸಹೋದರರು ತುಳುವರಿಗೆ ಬರಿಯ ಕಥಾನಾಯಕರಲ್ಲ, ಅವರು ದೈವಗಳು. ಅವರ ಗರಡಿಗಳು ಅರುವತ್ತಾರೆಂದು ಜನರ ಎಣಿಕೆ. ಅಲ್ಲಿ ಬೆರ್ಮೆರಿಗೆ ಸ್ಥಾನವುಂಟು, ವೀರರಿಗೆ ಮೂರ್ತಿಗಳುಂಟು, ವರ್ಷಕ್ಕೊಮ್ಮೆ ನೇಮವುಂಟು, ನೇಮದಲ್ಲಿ ವೀರರು ಪಾತ್ರಿಗಳ ಮೈಮೇಲೆ ಬಂದು ನುಡಿಕೊಡುತ್ತಾರೆ. ವೀರರು ಹಿಡಿದ ಸುರಿಯವು ಪೂಜೆಗೊಳ್ಳುವ ವಸ್ತು. ಇಲ್ಲಿ ಹುಡುಗರು ದಂಡಹೊಡೆದು ಕಲಿಯಬರುವುದಿಲ್ಲ. ಕುಟುಂಬಗಳು ಹರಕೆಹೊತ್ತು ಬರುತ್ತವೆ. ಒಮ್ಮೆ ಶಸ್ತ್ರಶಾಲೆಯಾಗಿದ್ದ ಹೆಸರು ದೈವಸ್ಥಾನದ ಹೆಸರಾಗಿ ನಿಂತುದು ಹೀಗೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಆರಾಧನೆಯೇ ಪ್ರಧಾನಕರ್ಮ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಇಳಿದ ಮೇಲೆ ಅವರ ಸಭೆಗೆ ಸೇರಿದವರಲ್ಲಿ ಬಹುಮಂದಿ ಬಿಲ್ಲವರೇ. ಮತಾಂತರವೆಂದರೆ ಅವರಿಗೆ ಗರಡಿಯನ್ನು ಬಿಡುವುದು. ಗರಡಿಯನ್ನು ಬಿಡುವುದೆಂದರೆ ನೆಂಟರನ್ನೂ, ಎಷ್ಟೋ ವೇಳೆ ಧಣಿಯ ಒಕ್ಕಲನ್ನೂ, ಮೂರ್ತೆಯ ಕಸುಬನ್ನೂ ಬಿಡುವುದು. ಹೀಗೆ ನೆಲೆತಪ್ಪಿದವರಿಗೆ ಜೀವನೋಪಾಯವನ್ನು ಕಲ್ಪಿಸುವ ಸಲುವಾಗಿಯೇ ಮಿಶನ್ನಿನವರು ನೆಯ್ಗೆಯ ಕಾರಖಾನೆಯನ್ನೂ 1865ರಲ್ಲಿ ಹಂಚಿನ ಕಾರಖಾನೆಯನ್ನೂ ತೆರೆದರು. ಬಲ್ಮಠದ ಆ ನೆಯ್ಗೆಯ ಶಾಲೆಯಲ್ಲಿಯೇ ಹಾಲರ್ ಎಂಬವರು ಖಾಕಿ ಬಣ್ಣವನ್ನು ಕಂಡುಹಿಡಿದರೆಂದು ಪ್ರತೀತಿಯುಂಟು. ನಿಜವಾದರೆ ಇದೊಂದು ವಿನೋದವೇ ಸರಿ: ಕೋಟಿ ಚೆನ್ನಯರ ಸುರಿಯವನ್ನು ಕೆಳಗಿಟ್ಟು ಬಂದ ಕೈಗಳು ಲೋಕದ ಸೈನಿಕರ ಉಡುಪಿನ ಬಣ್ಣವನ್ನು ಅದ್ದಿದುವು.

ಮಿಶನ್ನಿನವರ ಈ ನಿರ್ಬಂಧವನ್ನು ನಿಷ್ಠುರವೆನ್ನುವವರಿದ್ದಾರೆ. ನನ್ನ ಮಟ್ಟಿಗೆ, ಅವರ ಸಿದ್ಧಾಂತವನ್ನು ಒಪ್ಪಿದರೆ ಅವರ ತೀರ್ಪು ಸುಸಂಬದ್ಧವೇ ಆಗಿದೆ. ಗರಡಿಯಲ್ಲಿ ದೈವವನ್ನು ಕಳೆದರೆ ಉಳಿಯುವುದೇನೂ ಇಲ್ಲ. ಅಲ್ಲಿ ಭಕ್ಷ್ಯವೂ ಪಂಕ್ತಿಯೂ ಬೇರೆಯಲ್ಲ. ಬಿಲ್ಲವರೂ ಇದನ್ನು ಹಾಗೆಯೇ ತಿಳಿದಿದ್ದರು. ಆದುದರಿಂದಲೇ ಅವರಲ್ಲಿ ಕೆಲವರು ಮಿಶನ್ನಿನ ಕಡೆಗೆ ಹೋಗದೆ 1870ರಲ್ಲಿ ಬ್ರಹ್ಮಸಮಾಜವನ್ನು ಕರೆಸಿಕೊಂಡರು. ಮುಂದೆ 1912ರಲ್ಲಿ ನಾರಾಯಣಗುರುಗಳಿಂದ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಗರಡಿಗಳಾದರೋ ಎಲ್ಲವನ್ನೂ ದಾಟಿ ಇಂದಿಗೂ ನಡೆಯುತ್ತಿವೆ.

ಆದರೆ ಇಲ್ಲಿಯೇ ಒಂದು ವಿಚಿತ್ರವಾದ ಘಟನೆಯು ನಡೆಯಿತು. ಗರಡಿಗೆ ಹೋಗಬೇಡಿರೆಂದ ಮಿಶನ್ನೇ ಗರಡಿಯ ಹಾಡನ್ನು ಅಚ್ಚುಹಾಕಿಸಿತು. ಮಿಶನರಿ ಮ್ಯಾನರರು ತುಳುವರ ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಿಂದಲೇ ಪ್ರಕಟಿಸಿದರು. ಬರ್ನೆಲ್ಲರು ಕೂಡಿಸಿದ್ದ ತುಳುವ ಭೂತಾರಾಧನೆಯ ಸಾಮಗ್ರಿಯು, ಕೋಟಿ ಚೆನ್ನಯರ ಕಥೆಯೂ ಸೇರಿ, ಅವರು ತೀರಿಕೊಂಡ ಮೇಲೆ 1894ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಬಂದಿತು. ಅದೇ 1894ರಲ್ಲಿ ಹೊರಬಂದ ಕಿಟ್ಟೆಲ್ಲರ ನಿಘಂಟಿನಲ್ಲಿ ಗರಡಿಗೂ ಸಾಮಿಗೂ ಸ್ಥಾನವುಂಟು. ನಿಂದಿಸುವುದಕ್ಕೆಂದೇ ಸಂಗ್ರಹಿಸಿದರೆಂದು ಕೆಲವರು ಹೇಳುವರು. ಖಂಡಿಸಬೇಕಾದ ಪೂರ್ವಪಕ್ಷವನ್ನು ಸಮಗ್ರವಾಗಿ ಬರೆದಿಡುವುದು ನಮ್ಮ ಶಾಸ್ತ್ರಗಳ ಮರ್ಯಾದೆಯೂ ಹೌದು. ಚಾರ್ವಾಕರ ಮತವು ನಮಗೆ ತಿಳಿಯಬಂದಿರುವುದು ಅವರ ವಿರೋಧಿಗಳ ಗ್ರಂಥಗಳಿಂದಲೇ ಅಲ್ಲವೆ? ಮ್ಯಾನರರ ಉದ್ದೇಶವು ಏನೇ ಇರಲಿ, ತುಳುವಿನ ಪಾಡ್ದನಗಳನ್ನು ಅಭ್ಯಸಿಸುವ ಯಾವನೂ ಆ ಪುಸ್ತಕವನ್ನು ಬಿಟ್ಟು ಮುಂದುವರಿಯಲಾರನು.

ಈಗ ತಿರುಗಿ ಕೃಷ್ಣಾತೀರಕ್ಕೆ ಬರೋಣ. ತುಳುನಾಡಿನ ಗರಡಿಯೂ ಜಮಖಂಡಿ ಸೀಮೆಯ ಗರಡಿಮನೆಯೂ ಹೆಸರಿನಿಂದ ಒಂದೇ, ಸ್ವರೂಪದಿಂದ ಬೇರೆ. ತಾಲೀಮಿನ ಗೂಡಿನಲ್ಲಿರುವ ಹನುಮಂತನನ್ನು ಒಂದು ಗಳಿಗೆ ಮನಸ್ಸಿನಿಂದ ಬದಿಗಿಟ್ಟು ನೋಡಿದರೂ ಅಲ್ಲಿ ಉಳಿಯುವುದು ಬಹಳ. ಎಣ್ಣೆ ಮಜ್ಜಿಗೆ ಅರಿಸಿನ ನಿಂಬೆರಸಗಳಿಂದ ಹದಮಾಡಿದ ಮಣ್ಣು ಉಳಿಯುತ್ತದೆ. ಅದನ್ನು ಸಲಿಕೆಯಿಂದ ಅಗೆದು ಸಡಿಲಮಾಡುವುದೇ ಹೊಸ ಹುಡುಗನ ಮೊದಲ ಪಾಠ. ಜೋಡಿ, ಮುದ್ಗರ, ಕಲ್ಲುಗುಂಡು ಉಳಿಯುತ್ತವೆ. ಹಿಡಿತಗಳೂ ಅವುಗಳ ಬಿಡುಗಡೆಗಳೂ ಉಳಿಯುತ್ತವೆ. ಉಸ್ತಾದ ಉಳಿಯುತ್ತಾನೆ. ಸೋತವನನ್ನು ಗೆದ್ದವನು ಎತ್ತಿ ನಿಲ್ಲಿಸುವ ಮರ್ಯಾದೆ ಉಳಿಯುತ್ತದೆ. ಇವುಗಳಲ್ಲಿ ಯಾವುದನ್ನೂ ತೆರ್ತುಲ್ಲಿಯನನ ಮುಖ್ಯ ಆಕ್ಷೇಪವು ಮುಟ್ಟುವುದಿಲ್ಲ. ಎಲ್ಲವೂ ಕ್ಲೆಮೆಂತನ ಅನುಮತಿಯೊಳಗೆ ಬರುತ್ತವೆ.

ಕಠಿನವಾಗಿ ಉಳಿಯುವುದು ಮಣ್ಣಿನ ನಮಸ್ಕಾರವೊಂದೇ. ಅದು ಪೂಜೆಯೋ, ಗೌರವವೋ? ಒಂದೇ ಅಂಗವಿಕ್ಷೇಪಕ್ಕೆ ಸಂಕಲ್ಪಭೇದದಿಂದ ಅರ್ಥಭೇದವಾಗುವುದೆಂಬುದು ನಮಗೆ ಹೊಸತಲ್ಲ. ಪಾಠಶಾಲೆಯ ಹುಡುಗನು ಕೆಳಗೆ ಬಿದ್ದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ; ರೈತನು ಬಿತ್ತುವ ದಿನ ಹೊಲದ ಮಣ್ಣನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಾನೆ. ಯಾ ಅಲೀ ಎನ್ನುವವನು ಮಣ್ಣನ್ನು ಮುಟ್ಟಿದಾಗ ಅವನು ಅನ್ಯದೈವವನ್ನು ಪೂಜಿಸಿದನೆಂದು ಅವನ ನೆರೆಯವರು ಯಾರೂ ಹೇಳುವುದಿಲ್ಲ. ಮಣ್ಣು ಅವನನ್ನು ಸಾಕಿದೆ, ಅದಕ್ಕೆ ಅವನು ಮರ್ಯಾದೆ ಮಾಡಿದನು, ಅಷ್ಟೆ. ಕ್ರೈಸ್ತನೂ ಅಷ್ಟನ್ನೇ ಮಾಡಿ ಗೂಡಿನ ಮುಂದೆ ಕೈಮುಗಿಯದೆ ಸುಮ್ಮನೆ ನಿಂತರೆ ಉಸ್ತಾದನಿಗೆ ಅವಮಾನವಾಗುವುದಿಲ್ಲ. ಅವನ ಮನೆಯಲ್ಲಿ ಇಂಥ ಮೌನವು ಮುಸಲ್ಮಾನ ಶಿಷ್ಯರ ಕಾಲದಿಂದ ಪರಿಚಿತವೇ. ಆದರೆ ಶನಿವಾರದ ಪೂಜೆಗೆ ತೆಂಗಿನಕಾಯಿಯನ್ನು ಒಡೆಯುವುದೂ ದಸರೆಯಲ್ಲಿ ಜೋಡಿ ಮುದ್ಗರಗಳಿಗೆ ಆರತಿ ಬೆಳಗುವುದೂ ಬೇರೆ ಮಾತು; ಅಲ್ಲಿ ಸಂಕಲ್ಪವು ಸ್ಪಷ್ಟವಾಗಿ ಪೂಜೆಯದು. ಅದನ್ನು ಬರಿಯ ಗೌರವವೆಂದು ಹೇಳಿ ಕ್ರೈಸ್ತನನ್ನು ಒಳಪಡಿಸುವುದು ಪೂಜೆಗೂ ಅವಮಾನ, ಅವನಿಗೂ ಅವಮಾನ. ತಾನು ನಂಬದುದನ್ನು ಮಾಡಿದಂತೆ ನಟಿಸುವವನಿಗಿಂತ ದೂರನಿಂತು ಮಾಡದವನೇ ದೈವಕ್ಕೆ ಹೆಚ್ಚು ಮರ್ಯಾದೆ ಸಲ್ಲಿಸಿದನೆಂದು ನನ್ನ ಮತ.

ಸಭಾಪಾಲಕರ ಸಂದೇಹಕ್ಕೆ ಇನ್ನೊಂದು ಕಾರಣವುಂಟು. ಅದು ದೈವದ್ದಲ್ಲ, ಹೊಡೆದಾಟದ್ದು. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನು ತೋರಿಸಬೇಕೆಂದ ಗುರುವಿನ ಶಿಷ್ಯನಿಗೆ ಗುದ್ದುವ ವಿದ್ಯೆಯೇಕೆ? ಕರಾಟೆಯ ವಿಷಯದಲ್ಲಿ ಈ ಆಕ್ಷೇಪಕ್ಕೆ ಹೆಚ್ಚಿನ ಬಲವಿದೆ. ಕುಸ್ತಿಯ ವಿಷಯದಲ್ಲಿ ಕಡಮೆ. ಕುಸ್ತಿಯಲ್ಲಿ ಗುದ್ದುವುದು ನಿಷಿದ್ಧ; ಬೆನ್ನು ನೆಲವನ್ನು ಮುಟ್ಟಿದೊಡನೆ ವೈರವು ಮುಗಿಯಿತು. ಭರತನನ್ನು ಎತ್ತಿ ಹಿಡಿದ ಬಾಹುಬಲಿಯು ನೆಲಕ್ಕೆ ಅಪ್ಪಳಿಸದೆ ಇಳಿಸಿದುದನ್ನು ನೆನೆದರೆ ಈ ವಿದ್ಯೆಯ ಕೊನೆಯ ಡಾವು ಯಾವುದೆಂದು ತಿಳಿಯುತ್ತದೆ. ಕ್ರೈಸ್ತರಲ್ಲಿಯೇ 1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಯುವಕರ ಸಂಘವು ಮುಂದೆ ಅಂಗಸಾಧನೆಯನ್ನು ತನ್ನ ಧರ್ಮಕಾರ್ಯದ ಭಾಗವಾಗಿ ಸ್ವೀಕರಿಸಿ 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮಶಿಕ್ಷಕರ ವಿದ್ಯಾಲಯವನ್ನು ತೆರೆಯಿತು. ಮೈಯನ್ನು ಬೆಳಸುವುದು ಆ ಮತಕ್ಕೆ ವಿರುದ್ಧವೆಂಬ ಮಾತಿಗೆ ಅಲ್ಲಿಂದಾಚೆಗೆ ಅವಕಾಶವಿಲ್ಲ.

ಕಡೆಯದಾಗಿ ಸಾಹಿತ್ಯದ ಅಧ್ಯಾಪಕರಿಗೆ ಸಂಬಂಧಪಟ್ಟ ಒಂದು ಮಾತು. ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಪೌಲನು ಭಕ್ತನ ಸಂಗ್ರಾಮವು ರಕ್ತಮಾಂಸಗಳ ಮನುಷ್ಯರೊಡನೆ ಅಲ್ಲವೆಂದು ಹೇಳುವಲ್ಲಿ ಉಪಯೋಗಿಸಿರುವ ಗ್ರೀಕ್ ಶಬ್ದವು ಪಾಲೇ. ಅದಕ್ಕೆ ಸರಿಯಾದ ಅರ್ಥವು ಮಲ್ಲಯುದ್ಧವೇ ಹೊರತು ಸಾಮಾನ್ಯ ಯುದ್ಧವಲ್ಲ. ಆದಿಕಾಂಡದ ಮೂವತ್ತೆರಡನೆಯ ಅಧ್ಯಾಯದಲ್ಲಿ ಯಾಕೋಬನು ಬೆಳಗಾಗುವ ತನಕ ಅಜ್ಞಾತಪುರುಷನೊಡನೆ ನಡೆಸಿದುದೂ ಮಲ್ಲಯುದ್ಧ. ಅವನ ತೊಡೆಯ ಕೀಲು ತಪ್ಪಿದುದು ಪೈಲ್ವಾನರಿಗೆ ಅರ್ಥವಾಗದ ಸಂಗತಿಯಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ಹೊತ್ತಿಗೆ ಕನ್ನಡದಲ್ಲಿ ಪೂರ್ಣವಾದ ಬೈಬಲು ಅನೇಕ ಸಲ ಪರಿಷ್ಕೃತವಾಗಿದೆ. ಬಹುಕಾಲದಿಂದ ನಮ್ಮ ಸಭೆಗಳಲ್ಲಿ ಓದುತ್ತ ಬಂದಿರುವ ಪಾಠದಲ್ಲಿ ಈ ಎರಡು ಸ್ಥಳಗಳಲ್ಲಿಯೂ ಇರುವ ಮಾತು ಹೋರಾಡು ಎಂಬುದು. ಹೋರು ಎಂಬ ಧಾತುವು ಹಳೆಯದು, ಅಂದವಾದುದು; ಆದರೆ ಇಂದು ಅದು ಸಾರ್ವಜನಿಕ ಚಳವಳಿಗೂ ನ್ಯಾಯಾಲಯದ ವ್ಯಾಜ್ಯಕ್ಕೂ ಸಲ್ಲುತ್ತಿರುವುದರಿಂದ ಮೈಯ ಹಿಡಿತದ ಅರ್ಥವು ಅದರಿಂದ ಜಾರಿಹೋಗಿದೆ. ಮಲ್ಲಯುದ್ಧವೆಂದಾಗಲಿ ಕುಸ್ತಿಯೆಂದಾಗಲಿ ಬರೆದಿದ್ದರೆ ಜಮಖಂಡಿ ಮುಧೋಳಗಳ ಓದುಗನು ಆ ಎರಡು ಸ್ಥಳಗಳನ್ನು ಟೀಕೆಯಿಲ್ಲದೆ ತಿಳಿಯುತ್ತಿದ್ದನು. ಮುಂದೆ ಆ ಪಾಠವನ್ನು ತಿದ್ದುವವರು ಪರಿಶೀಲಿಸಬಹುದು.